ಕಲ್ಲು ಸವೆತೈತಿ, ಚಾಕು ಸವೆಯಂಗಿಲ್ಲ

ಮುನಿರಾಬಾದಿನಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಶಾಪ್ ಇದೆ. ಗೇಟು, ಕಿಟಕಿ ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ, ಇವೇ ಹೊಟ್ಟೆಪಾಡಿನ ಕೆಲಸ. ಶಾಪಿನ ಹಿಂದೆ ಅಜ್ಜನ ಕುಲುಮೆ ಇನ್ನೂ ಉರಿಯುತ್ತದೆ. ಚರ್ಮದ ತಿದಿಯ ಜಾಗಕ್ಕೆ ಕರೆಂಟಿನ ಬ್ಲೋವರ್ ಬಂದಿದೆ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ಮಾತ್ರ ಅಜ್ಜನದೇ. ಕುಡುಗೋಲು, ಕೊಡಲಿ, ಕುರ್ಚಿಗಿ ತಂದವರಿಗೆ ಹದ ಹಾಕಿ, ಅಂದರೆ ಕಾಸಿ ತಣಿಸಿ ಗಡಸು ಮಾಡಿ, ಕೊಡುತ್ತೇನೆ. ಚಾಕು ಮಾಡುವುದು ನನಗೆ ಮೊದಲಿನಿಂದಲೂ ಪ್ರೀತಿಯ ಕೆಲಸ. ಮೀನಿನ ಚಾಕುವೊಂದು ನನಗೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿನ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಹೋದದ್ದು 2024ರ ಆಗಸ್ಟ್ 10ರ ರಾತ್ರಿ. ಕಬ್ಬಿಣದ ಕೆಲಸದವರಾದ ನಮಗೆ ಆ ವಾರವೆಲ್ಲ ಅದೇ ಮಾತು, ಅದೇ ಸಂಕಟ. ಆಮೇಲೆ ಚಳಿಗಾಲದಲ್ಲಿ ಹಿನ್ನೀರಿನಲ್ಲಿ ಬಲೆ ಹಾಕುವ ಒಬ್ಬರು ಶಾಪಿಗೆ ಬಂದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಅಣ್ಣಾ ಎಂದೇ ಕರೆಯುತ್ತೇನೆ. "ತಮ್ಮಾ, ಮಡಚೂ ಚಾಕು ಸಾಕಾಗೇತಿ. ಸಂದಿಯೊಳಗ ಹೊಲಸು ಕುಂತು ತುಕ್ಕು ಹಿಡದು ಬಿಚ್ಚಾಕ ಬರಂಗಿಲ್ಲ. ಒಂದ ಗಟ್ಟಿ ಚೂರಿ ಮಾಡಿಕೊಡು, ಎಲ್ಲಾ ಕೆಲ್ಸ ಅದ್ರಾಗ ಆಗ್ಬೇಕು" ಎಂದರು. ಎಲ್ಲಾ ಕೆಲಸ ಅಂದರೆ ಯಾವ ಯಾವ ಕೆಲಸ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಅವರ ಅಂಗೈ ಅಳೆದುಕೊಂಡೆ, ಅಡ್ವಾನ್ಸ್ ಇಸಕೊಂಡೆ.

ಗುಜರಿಯಲ್ಲಿ ಪವರ್ ಹ್ಯಾಕ್ಸಾ ಯಂತ್ರದ ಹಳೆಯ ಬ್ಲೇಡು ಸಿಗುತ್ತದೆ. ಸುಮಾರು 2 ಮಿಲಿಮೀಟರ್ ದಪ್ಪ, ಹೈಸ್ಪೀಡ್ ಸ್ಟೀಲು, ಹದ ಹಾಕುವ ತೊಂದರೆಯೇ ಇಲ್ಲ. ಗ್ರೈಂಡರಿನಲ್ಲಿ ಆಕಾರ ಕೊಟ್ಟು ಹಿಡಿ ಕೂರಿಸಿದರೆ ಚಾಕು ಸಿದ್ಧ. ಈ ಕಡೆ ಎಷ್ಟೋ ಜನ ಹೀಗೇ ಮಾಡುತ್ತಾರೆ, ತರಕಾರಿಗೆ ಅದು ಒಳ್ಳೆಯ ಚಾಕೇ. 6 ಇಂಚಿನ ಅಲಗು, ಚೂಪು ಮೂತಿ, ಕರಿಜಾಲಿಯ ದಪ್ಪ ಹಿಡಿ. ಕೊಡುವ ಮುಂಚೆ ಕಾಗದ ಹಿಡಿದು ಕೊಯ್ದು ತೋರಿಸಿದೆ. ಅಣ್ಣ ಖುಷಿಯಾಗಿ ಹೋದರು.

ಇಪ್ಪತ್ತು ದಿನಕ್ಕೆ ಚಾಕು ವಾಪಸ್ ಬಂತು, ತಂದವರು ಅವರ ಮನೆಯವರು. ಅಲಗಿನಲ್ಲಿ ಮೂರು ಕಡೆ ಹಲ್ಲು ಬಿಟ್ಟಿತ್ತು, ತುದಿ ಅಕ್ಕಿಕಾಳಿನಷ್ಟು ಮುರಿದಿತ್ತು, ಹಿಡಿಯ ಮರ ಉದ್ದಕ್ಕೆ ಸೀಳಿತ್ತು. "ಎಲುಬಿನ ಮ್ಯಾಲೆ ಹೊಡದ್ರೇನ್ರಿ ಅಕ್ಕಾರ?" ಎಂದೆ. ಆ ಪ್ರಶ್ನೆಯಲ್ಲಿ ತಪ್ಪು ಅವರದು ಎಂಬ ಧ್ವನಿ ಇತ್ತು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಅಕ್ಕ ಸಿಟ್ಟಾಗಲಿಲ್ಲ. "ಹೊಡದಿಲ್ಲ ತಮ್ಮಾ. ಮೊಂಡ ಆತು, ಮಸದೆ. ಮಸದ್ರ ಕಲ್ಲು ಸವೆತೈತಿ, ಚಾಕು ಸವೆಯಂಗಿಲ್ಲ. ನೀನ ಬಂದು ನೋಡು" ಎಂದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವರ ಮೀನಿನ ಅಂಗಡಿಯ ಮುಂದೆ ಕೂತಿದ್ದೆ. ಆ ಮೂರು ತಾಸು ನನಗೆ ಯಾವ ಕೋರ್ಸಿನಲ್ಲೂ ಸಿಗುತ್ತಿರಲಿಲ್ಲ. ಕಾಟ್ಲಾ, ರೋಹು, ನಡುವೆ ಒಂದೆರಡು ಬಾಳೆಮೀನು. ತಲೆ ಒಡೆಯಲು ಮರದ ದಿಮ್ಮಿಯ ಮೇಲೆ ಮಚ್ಚು. ತುಂಡು ಹಾಕಲು ಈಳಿಗೆ, ಕಾಲಿನಿಂದ ಒತ್ತಿ ಹಿಡಿದು ಎರಡೂ ಕೈಯಿಂದ ಮೀನು ನೂಕುವುದು. ಆ ಎರಡಕ್ಕೂ ನನ್ನ ಚಾಕು ಬೇಡವೇ ಬೇಡ. ಚಾಕು ಬೇಕಾದದ್ದು ಹೊಟ್ಟೆ ಸೀಳಲು, ಕಿವಿರು ಬಿಡಿಸಲು, ಮತ್ತೆ ಹೋಟೆಲಿನವರು ಮುಳ್ಳಿಲ್ಲದ ಮಾಂಸ ಕೇಳಿದಾಗ ಬೆನ್ನೆಲುಬಿನ ಗುಂಟ ಸರಸರ ಎಳೆಯಲು. ಈ ಕೊನೆಯ ಕೆಲಸಕ್ಕೆ ಅಲಗು ಎಲುಬಿನ ಮೇಲೆ ಒರಗಿ ಬಳುಕಬೇಕು. ನನ್ನದು ಬಳುಕುತ್ತಿತ್ತು. ಆದರೆ ಪಕ್ಕೆಲುಬಿಗೆ ಸಿಕ್ಕು ಒಂಚೂರು ಹೊರಳಿದ ಕೂಡಲೇ ಅಂಚು ಚಿಟಿಕೆಯಷ್ಟು ಸಿಡಿದು ಹೋಗುತ್ತಿತ್ತು.

ಮೊಂಡಾದ ಕೂಡಲೇ ಅಕ್ಕ ಎದ್ದು ಅಂಗಡಿಯ ಮೆಟ್ಟಿಲಿನ ಕಲ್ಲಿಗೆ ನೀರು ಚಿಮುಕಿಸಿ ತಮ್ಮ ಹಳೆಯ ಚಾಕು ಎಳೆದರು. ನಮ್ಮ ಕಡೆಯ ಒರಟು ಕಣಶಿಲೆ, ಅಂದರೆ ಗ್ರಾನೈಟು. ಎಂಟು ಹತ್ತು ಸಲ ಈ ಮಗ್ಗುಲು, ಎಂಟು ಹತ್ತು ಸಲ ಆ ಮಗ್ಗುಲು, ಅಷ್ಟೇ. ಹಾಗೆ ಮಸೆದ ಅಂಚಿಗೆ ಸಣ್ಣ ಸಣ್ಣ ಹಲ್ಲು ಮೂಡಿರುತ್ತದೆ, ಲೋಳೆ ಲೋಳೆಯಾದ ಮೀನಿನ ಚರ್ಮವನ್ನು ಅದು ಜಾರದೆ ಹಿಡಿಯುತ್ತದೆ. ಕನ್ನಡಿಯಂತೆ ಪಾಲಿಶ್ ಮಾಡಿಕೊಟ್ಟ ನನ್ನ ಅಂಚು ಅದರ ಮೇಲೆ ಜಾರುತ್ತಿತ್ತು. ಆ ಮೆಟ್ಟಿಲಿನ ಮಸೆತ ಆ ಕೆಲಸಕ್ಕೆ ತಕ್ಕ ಮಸೆತವೇ ಆಗಿತ್ತು. ಹೈಸ್ಪೀಡ್ ಸ್ಟೀಲು ಬಿಸಿಯಾದರೂ ಮೆತ್ತಗಾಗದೆ ಕಬ್ಬಿಣ ಕೊಯ್ಯಲಿ ಎಂದೇ ಮಾಡಿದ್ದು, ರಾಕ್‌ವೆಲ್ ಅಳತೆಯಲ್ಲಿ 62-64ರಷ್ಟು ಗಡಸು. ಅದನ್ನು ಮೆಟ್ಟಿಲಿನ ಕಲ್ಲಿಗೆ ಉಜ್ಜಿದರೆ ಎಷ್ಟು ಹೊತ್ತಿಗೆ ಹರಿತವಾದೀತು? ಗಿರಾಕಿಗಳು ನಿಂತಿರುತ್ತಾರೆ.

ಅಲ್ಲಿಂದ ಬಂದವನೇ ಹೊಸ ನಕ್ಷೆ ಹಾಕಲು ಕೂತೆ. ಮೊದಲು ಬರೆದುಕೊಂಡದ್ದು ಕಲ್ಲಿನ ಹೆಸರು, ಉಕ್ಕಿನ ವಿಚಾರ ಆಮೇಲೆ.

ಸ್ಟೇನ್‌ಲೆಸ್ ಯೋಚಿಸಿದೆ, ನೀರಿನ ಕೆಲಸವಲ್ಲವೇ. ಆದರೆ ಚಾಕುವಿಗೆ ಬರುವ ಸ್ಟೇನ್‌ಲೆಸ್ ಉಕ್ಕಿಗೆ ಸಾವಿರ ಡಿಗ್ರಿ ದಾಟಿದ ಕಾವನ್ನು ಅಲುಗಾಡದಂತೆ ಹಿಡಿದಿಡಬೇಕು, ನನ್ನ ಇದ್ದಿಲಿನ ಕುಲುಮೆಯಲ್ಲಿ ಕಣ್ಣಳತೆಯಿಂದ ಅದು ಆಗದ ಮಾತು. ಆಗದ್ದನ್ನು ಆಗುತ್ತದೆ ಎಂದು ಹೇಳಿ ಮಾರಲಾರೆ. ಲಾರಿಯ ಕಮಾನ್ ಪಟ್ಟಿ ಒಳ್ಳೆಯ ಉಕ್ಕು, ಆದರೆ ಅಷ್ಟು ದಪ್ಪದ್ದನ್ನು ಬಡಿದು ಬಡಿದು 2 ಮಿಲಿಮೀಟರಿಗೆ ತರುವಷ್ಟರಲ್ಲಿ ಮೇಲ್ಪದರದ ಇಂಗಾಲ ಸುಟ್ಟುಹೋಗುತ್ತದೆ. ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕೂ ಇರಬಹುದು. ಕೊನೆಗೆ ಶೇ. 0.8ರ ಆಸುಪಾಸು ಇಂಗಾಲ ಇರುವ ಹೊಸ ಸ್ಪ್ರಿಂಗ್ ಪಟ್ಟಿಯನ್ನೇ ತರಿಸಿದೆ.

ಇಲ್ಲಿ ನನ್ನ ತಲೆಯಲ್ಲಿ ವರ್ಷಗಟ್ಟಲೆ ಕೂತಿದ್ದ ಒಂದು ತಪ್ಪು ಹೇಳಬೇಕು. ಬಳುಕಬೇಕಾದರೆ ಹದ ಮೆತ್ತಗಿರಬೇಕು ಎಂದುಕೊಂಡಿದ್ದೆ. ಒಂದೇ ಪಟ್ಟಿಯ ಎರಡು ತುಂಡು, ಒಂದಕ್ಕೆ ಹದ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು, ವೈಸಿಗೆ ಕಚ್ಚಿಸಿ ಒಂದೇ ತೂಕ ನೇತುಹಾಕಿ ನೋಡಿದೆ. ಎರಡೂ ಒಂದೇ ಅಷ್ಟು ಬಾಗಿದವು. ಬಳುಕು ಬರುವುದು ದಪ್ಪದಿಂದ. ದಪ್ಪ ಇಮ್ಮಡಿಯಾದರೆ ಬಿಗಿ ಎಂಟು ಪಟ್ಟು, 2ರಿಂದ ಒಂದೂವರೆ ಮಿಲಿಮೀಟರಿಗೆ ಇಳಿದರೆ ಬಿಗಿ ಅರ್ಧಕ್ಕಿಂತ ಕಡಿಮೆ. ಬಾಗಿದ್ದು ವಾಪಸ್ ನೆಟ್ಟಗಾಗುತ್ತದೆಯೋ, ಬಾಗಿದಂತೆಯೇ ಉಳಿಯುತ್ತದೆಯೋ, ಮುರಿಯುತ್ತದೆಯೋ, ಅದನ್ನು ಹೇಳುವುದು ಹದ. ಅದಕ್ಕೇ ಬುಡದಲ್ಲಿ 2 ಮಿಲಿಮೀಟರ್ ಇಟ್ಟು, ತುದಿಯ ಕಡೆಗೆ ಒಂದಕ್ಕೆ ಇಳಿಸುತ್ತ ಹೋದೆ. ಬುಡ ಬಿಗಿಯಾಗಿ ಹೊಟ್ಟೆ ಸೀಳಬೇಕು, ತುದಿ ಎಲುಬಿನ ಗುಂಟ ಒರಗಬೇಕು.

ಹದ ಹಾಕುವಾಗ ಬಾಗಿಲು ಮುಚ್ಚಿ ಕತ್ತಲು ಮಾಡಿಕೊಳ್ಳುತ್ತೇನೆ, ಬಿಸಿಲಲ್ಲಿ ಕೆಂಪು ಬಣ್ಣ ಮೋಸ ಮಾಡುತ್ತದೆ. 770 ಡಿಗ್ರಿಯ ಹತ್ತಿರ ಉಕ್ಕಿಗೆ ಆಯಸ್ಕಾಂತ ಅಂಟುವುದಿಲ್ಲ. ಅಲ್ಲಿಂದ ಇನ್ನೊಂಚೂರು ಕಾಸಿ, ಉಗುರುಬೆಚ್ಚಗಿಂತ ತುಸು ಬಿಸಿಯಾದ ಎಣ್ಣೆಯಲ್ಲಿ ಮೂತಿ ಕೆಳಗಾಗಿ ನೆಟ್ಟಗೆ ಇಳಿಸಬೇಕು. ಅಜ್ಜ ಕುಡುಗೋಲಿಗೆ ನೀರು ಕುಡಿಸುತ್ತಿದ್ದ, ಇಷ್ಟು ತೆಳ್ಳನೆಯ ಅಲಗನ್ನು ನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ ಇಲ್ಲವೇ ಸೀಳುತ್ತದೆ. ಆಮೇಲೆ ಮನೆಯ ಓವನ್ನಿನಲ್ಲಿ 240 ಡಿಗ್ರಿಗೆ ಒಂದೊಂದು ತಾಸು, ಎರಡು ಸಲ. ಮೈ ಬಂಗಾರದ ಬಣ್ಣ ದಾಟಿ ಕಂದಿಗೆ ತಿರುಗಬೇಕು. ಗಡಸು ಅಳೆಯುವ ಯಂತ್ರ ನನ್ನಲ್ಲಿಲ್ಲ. ಅರ ಎಳೆದು ನೋಡುತ್ತೇನೆ, ಪೂರ್ತಿ ಜಾರಲೂಬಾರದು, ಪೂರ್ತಿ ಕಚ್ಚಲೂಬಾರದು. ಕೊನೆಯ ಪರೀಕ್ಷೆ ಮಾತ್ರ ಕಣಶಿಲೆಯದೇ: ಶಾಪಿನ ಹೊಸ್ತಿಲಿಗೆ ಅಂಥದೇ ಒರಟು ಕಲ್ಲು ತಂದು ಕೂರಿಸಿದ್ದೇನೆ. ಆ ಕಲ್ಲಿನ ಮೇಲೆ ಇಪ್ಪತ್ತು ಎಳೆತದಲ್ಲಿ ಅಂಚು ಮರಳಿ ಬರದಿದ್ದರೆ ಆ ಚಾಕು ಶಾಪ್ ಬಿಟ್ಟು ಹೋಗುವುದಿಲ್ಲ.

ಅಕ್ಕನ ಅಂಗೈ ಅಣ್ಣನದಕ್ಕಿಂತ ಬೆರಳಗಲ ಸಣ್ಣದು, ಚಾಕು ಹಿಡಿಯುವುದು ಅವರೇ. ಹಿಡಿಯ ದಪ್ಪ 28ರಿಂದ 20 ಮಿಲಿಮೀಟರಿಗೆ ಬಂತು. ಆಕಾರ ಸಿಗಲು ಕಿನ್ನಾಳಕ್ಕೆ ಹೋಗಿ ಗೊಂಬೆ ಮಾಡುವ ಹಿರಿಯರೊಬ್ಬರಿಂದ ಪೊಳಕಿ ಮರದ ತುಂಡು ತಂದೆ. ಬೆಂಡಿನಂಥ ಹಗುರ ಮರ, ಕೆತ್ತಿದಂತೆ ಬರುತ್ತದೆ. ಅದರಲ್ಲಿ ಹಿಡಿಯ ಅಚ್ಚು ಮಾಡಿ ಅಕ್ಕನಿಗೆ ಕೊಟ್ಟೆ, ಒದ್ದೆ ಕೈಯಲ್ಲಿ ಹಿಡಿದು "ಇಲ್ಲಿ ಒತ್ತತೈತಿ" ಎಂದಲ್ಲೆಲ್ಲ ಕೆತ್ತಿದೆ. ತೋರುಬೆರಳು ಅಲಗಿನ ಕಡೆ ಜಾರದಂತೆ ಮುಂದೆ ಒಂದು ತಡೆ ಬಿಟ್ಟೆ, ಮೀನಿನ ಲೋಳೆಯಲ್ಲಿ ಅದಿಲ್ಲದಿದ್ದರೆ ಬೆರಳೇ ಹೋಗುತ್ತದೆ. ಹಿಡಿಗೆ ಮರ ಕೈಬಿಟ್ಟು, ಹಳೆಯ ಹತ್ತಿಬಟ್ಟೆಯನ್ನು ಪದರ ಪದರವಾಗಿ ಎಪಾಕ್ಸಿಯಲ್ಲಿ ಅಂಟಿಸಿ ಒತ್ತಿ ಮಾಡಿದ ಹಲಗೆ ಹಾಕಿದೆ. ಒದ್ದೆಯಾದಷ್ಟೂ ಅದು ಕೈಗೆ ಹತ್ತುತ್ತದೆ, ಸೀಳುವುದಿಲ್ಲ. ಚರ್ಮದ ಒರೆ ನೀರು ಹಿಡಿದಿಟ್ಟುಕೊಂಡು ಅಲಗನ್ನು ತಿನ್ನುತ್ತದೆ. ಬೋರ್‌ವೆಲ್ಲಿನ ಪಿವಿಸಿ ಪೈಪಿನ ತುಂಡನ್ನು ಕುದಿಯುವ ನೀರಲ್ಲಿ ಮೆತ್ತಗೆ ಮಾಡಿ ಚಪ್ಪಟೆ ಒತ್ತಿ ಒರೆ ಮಾಡಿದೆ, ತಳದಲ್ಲಿ ನೀರು ಇಳಿಯಲು ತೂತು. ಪೈಪನ್ನು ಬೆಂಕಿಗೆ ಮಾತ್ರ ಹಿಡಿಯಬೇಡಿ, ಅದರ ಹೊಗೆ ವಿಷ.

ತುಕ್ಕಿನ ವಿಷಯ ಅಕ್ಕನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ: ಇದು ಸ್ಟೇನ್‌ಲೆಸ್ ಅಲ್ಲ, ತೊಳೆದು ಒರೆಸಬೇಕು. ಕೊಡುವ ಮುಂಚೆ ನಾನೇ ಹುಣಸೆಹುಳಿ ಬಳಿದು ಮೈಯನ್ನು ಬೂದುಬಣ್ಣಕ್ಕೆ ತರುತ್ತೇನೆ, ಆ ಪದರ ಕೆಂಪು ತುಕ್ಕನ್ನು ನಿಧಾನ ಮಾಡುತ್ತದೆ. ಎಣ್ಣೆ ಸವರಲು ಕುಸುಬಿ ಎಣ್ಣೆ ಬೇಡ, ಒಣಗಿ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಸಾಕು.

ಮತ್ತೆ ಅಣ್ಣನ ಚಾಕು? ಅವರ ಜೊತೆ ಒಂದು ದಿನ ಹರಿಗೋಲಿನಲ್ಲಿ ಹೋಗಿ ಬಂದ ಮೇಲೇ ಅದು ತಿಳಿದದ್ದು. ಬಿದಿರಿನ ಹೆಣಿಗೆ, ಮೇಲೆ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ. ಆ ತಳಕ್ಕೆ ಚೂಪು ಮೂತಿಯ ಚಾಕು ಬಿದ್ದರೆ ನೀರು ಒಳಗೆ. ನಾನು ಮೊದಲು ಕೊಟ್ಟದ್ದು ಅಂಥದ್ದನ್ನೇ, ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಅವರಿಗೆ 4 ಇಂಚಿನ, 3 ಮಿಲಿಮೀಟರ್ ದಪ್ಪದ, ಮೂತಿ ಮೊಂಡಾಗಿ ಇಳಿಬಿದ್ದ ಬೇರೆಯದೇ ಚಾಕು ಮಾಡಿದೆ. ಸಿಕ್ಕಿಬಿದ್ದ ನೈಲಾನ್ ಹಗ್ಗ ಕೊಯ್ಯಲು ಅಷ್ಟು ಸಾಕು. ಹಿಡಿಗೆ ಕಿತ್ತಳೆ ಬಣ್ಣದ ಬಟ್ಟೆ ಪದರ, ಮುಂಗೈಗೆ ಕಟ್ಟಿಕೊಳ್ಳಲು ದಾರದ ತೂತು. ಎಲ್ಲಾ ಕೆಲಸಕ್ಕೆ ಒಂದು ಚಾಕು ಕೇಳಿ ಬಂದವರ ಮನೆಗೆ ಎರಡು ಹೋದವು, ಎರಡನೆಯದಕ್ಕೆ ನಾನು ದುಡ್ಡು ಇಸಕೊಳ್ಳಲಿಲ್ಲ.

ಉದ್ದ ಕೇಳುವವರಿಗೆ ಒಂದು ಮಾತು. ಆಯುಧ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಲೆಕ್ಕವೇ ಬೇರೆ. ಮನೆಗೆಲಸ, ಬೇಸಾಯದ ಸಲಕರಣೆಗಳಿಗೆ ವಿನಾಯಿತಿ ಇದ್ದರೂ ನಾನು 7 ಇಂಚು ದಾಟುವುದಿಲ್ಲ. ನಮ್ಮ ಮೀನಿಗೆ ಅದಕ್ಕಿಂತ ಬೇಕಾಗಿಯೂ ಇಲ್ಲ.

ಹೋದ ವಾರ ಅಕ್ಕ ತಮ್ಮ ತಂಗಿಯನ್ನು ಕರೆದುಕೊಂಡು ಬಂದಿದ್ದರು. ಅವರು ಎಡಗೈಯವರು. ಅಳತೆ ಹಿಡಿಯಲಿಲ್ಲ, ಅಡ್ವಾನ್ಸೂ ಇಸಕೊಳ್ಳಲಿಲ್ಲ. ಪೊಳಕಿಯಲ್ಲಿ ಕೆತ್ತಿದ ಬರೀ ಮರದ ಚಾಕು ಕೊಟ್ಟು, ಒಂದು ವಾರ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ, ಎಲ್ಲಿ ಒತ್ತುತ್ತದೋ ಅಲ್ಲಿ ಇದ್ದಿಲಿನಿಂದ ಗುರುತು ಹಾಕಿ ತನ್ನಿ ಎಂದು ಕಳಿಸಿದ್ದೇನೆ. ಬರುವ ಮಂಗಳವಾರ ಹುಲಿಗಿಗೆ ಹುಲಿಗೆಮ್ಮ ದೇವಿಯ ದರ್ಶನಕ್ಕೆ ಬರುವಾಗ ತರುತ್ತಾರಂತೆ.