ಕಡವಿನಲ್ಲಿ ನಾಲ್ಕು ದಿನ

ಐರ್ಲೆಂಡಿನ ಪುರಾಣವೀರ ಕೂ ಹುಲಿನ್‌ನ ಮಾತು ಬಂದಾಗ ಎಲ್ಲರೂ ಅವನ ರಣಾವೇಶವನ್ನೇ ಮೊದಲು ಹೇಳುತ್ತಾರೆ; ಒಂದು ಕಣ್ಣು ತಲೆಯೊಳಗೆ ಹೂತು, ಇನ್ನೊಂದು ಕೆನ್ನೆಯ ಮೇಲೆ ಜೋತುಬೀಳುತ್ತಿತ್ತೆಂಬ ವರ್ಣನೆ ಮರೆಯುವಂಥದ್ದೂ ಅಲ್ಲ. ನಾನು ಮಾತ್ರ ಮತ್ತೆ ಮತ್ತೆ ಮರಳುವುದು ಅವನು ಗೆಳೆಯನೊಡನೆ ಕಾದಿದ ನಾಲ್ಕು ದಿನಗಳ ಪ್ರಸಂಗಕ್ಕೆ.

ಅವನ ಹುಟ್ಟುಹೆಸರು ಸೇಟಂಟಾ. ಹುಡುಗನಾಗಿದ್ದಾಗ, ಮೇಲೆರಗಿ ಬಂದ ಕುಲನ್ ಎಂಬ ಕಮ್ಮಾರನ ನಾಯಿಯನ್ನು ಕೊಂದು, ಅದೇ ತಳಿಯ ಮರಿಯೊಂದು ಬೆಳೆಯುವವರೆಗೆ ತಾನೇ ಕಾವಲಿರುವೆನೆಂದು ಮಾತು ಕೊಟ್ಟದ್ದರಿಂದ 'ಕುಲನ್‌ನ ನಾಯಿ' ಎಂಬರ್ಥದ ಈ ಹೆಸರು ಬಂತು.

ಕೊನಾಕ್ಟ್‌ನ ರಾಣಿ ಮೇವ್ ಒಂದು ಕಂದು ಗೂಳಿಗಾಗಿ ಕೂ ಹುಲಿನ್‌ನ ನಾಡಾದ ಅಲ್ಸ್ಟರ್ ಮೇಲೆ ದಂಡೆತ್ತಿ ಬಂದ ಕಥೆಯನ್ನು ಐರಿಷರು 'ಟಾಯ್ನ್', ಅಂದರೆ ದನಗಳನ್ನು ಕವರುವ ದಾಳಿ, ಎನ್ನುತ್ತಾರೆ. ನಮ್ಮ ವೀರಗಲ್ಲುಗಳ 'ತುರುಗೋಳ್' ಎಂಬ ಪದಕ್ಕೂ ಅದೇ ಅರ್ಥ. ಮಾಖಾ ಎಂಬವಳ ಶಾಪದಿಂದ ಅಲ್ಸ್ಟರಿನ ಗಂಡಸರು ಹೆರಿಗೆಬೇನೆಯಂಥ ನೋವಿಗೆ ಸಿಕ್ಕಿ ಮಲಗಿದ್ದಾಗ, 17 ವರ್ಷದ ಕೂ ಹುಲಿನ್ ಒಬ್ಬನೇ ಹೊಳೆಯ ಕಡವಿನಲ್ಲಿ ನಿಂತು ಶತ್ರುವೀರರನ್ನು ಒಬ್ಬೊಬ್ಬರನ್ನಾಗಿ ಎದುರಿಸಿದನು. ಮೇವ್ ಆಗ ಫರ್ಡಿಯಾನನ್ನು ಆಮಿಷವೊಡ್ಡಿ ಕಳಿಸಿದಳು. ಸ್ಕಾಹಾ ಎಂಬ ವೀರಮಹಿಳೆಯ ಬಳಿ ಇಬ್ಬರೂ ಜೊತೆಯಲ್ಲೇ ಶಸ್ತ್ರವಿದ್ಯೆ ಕಲಿತವರು, ಅಣ್ಣತಮ್ಮಂದಿರಂತೆ ಬೆಳೆದವರು.

ಈ ಕಾಳಗ ವಿಸ್ತಾರವಾಗಿ ಬರುವುದು 12ನೆಯ ಶತಮಾನದ ಲೆನ್‌ಸ್ಟರ್ ಗ್ರಂಥದಲ್ಲಿ. ಮೊದಲ ದಿನ ಸಂಜೆ ಆಯುಧಗಳನ್ನು ಸಾರಥಿಗಳ ಕೈಗಿತ್ತು, ಒಬ್ಬರ ಕೊರಳಿಗೊಬ್ಬರು ಕೈಹಾಕಿ, ಮೂರು ಬಾರಿ ಮುತ್ತಿಟ್ಟುಕೊಳ್ಳುತ್ತಾರೆ. ತನ್ನ ಗಾಯಗಳಿಗೆ ಕಟ್ಟಿದ ಒಂದೊಂದು ಮೂಲಿಕೆಯಲ್ಲೂ ಸಮಪಾಲನ್ನು ಕೂ ಹುಲಿನ್ ಹೊಳೆಯಾಚೆ ಕಳಿಸಿದರೆ, ತನಗೆ ಬಂದ ಊಟದಲ್ಲಿ ಸಮಪಾಲನ್ನು ಫರ್ಡಿಯಾ ಈಚೆ ಕಳಿಸುತ್ತಾನೆ. ಕುದುರೆಗಳು ಒಂದೇ ಆವರಣದಲ್ಲಿ, ಸಾರಥಿಗಳು ಒಂದೇ ಬೆಂಕಿಯ ಬಳಿ. ಎರಡನೆಯ ರಾತ್ರಿಯೂ ಹೀಗೆಯೇ. ಮೂರನೆಯ ರಾತ್ರಿ ಕುದುರೆಗಳು ಬೇರೆಯಾದವು, ಬೆಂಕಿಯೂ ಬೇರೆಯಾಯಿತು. ಅಷ್ಟನ್ನೇ ಹೇಳಿ ಸುಮ್ಮನಾಗುವ ಆ ಕಥೆಗಾರನ ಸಂಯಮಕ್ಕೆ ನಾನು ತಲೆಬಾಗುತ್ತೇನೆ.

ನಾಲ್ಕನೆಯ ದಿನ ಸೋಲುವ ಹಂತಕ್ಕೆ ಬಂದ ಕೂ ಹುಲಿನ್, ಫರ್ಡಿಯಾನಿಗೆ ತಿಳಿಯದಿದ್ದ ಒಂದೇ ವಿದ್ಯೆಯಾದ 'ಗೈ ಬೊಲ್ಗ'ವನ್ನು ಪ್ರಯೋಗಿಸುತ್ತಾನೆ. ಸಾರಥಿ ಲೇಗ್ ನೀರಿನಲ್ಲಿ ತೇಲಿಬಿಟ್ಟ ಆ ಈಟಿಯನ್ನು ಅವನು ಕಾಲಿನಿಂದ ಎಸೆದಾಗ, ಅದು ಒಡಲನ್ನು ಹೊಕ್ಕು ಮುಳ್ಳುಮುಳ್ಳಾಗಿ ತೆರೆದುಕೊಳ್ಳುತ್ತದೆ. ಬಿದ್ದ ಗೆಳೆಯನನ್ನು ಆಯುಧಕವಚಗಳೊಡನೆ ಎತ್ತಿಕೊಂಡು ಅವನು ಕಡವಿನ ಉತ್ತರ ದಡಕ್ಕೆ, ಅಂದರೆ ತನ್ನ ಕಡೆಗೆ, ಹೊತ್ತು ತರುತ್ತಾನೆ. ಕಡವಿದ್ದ ಲೌತ್ ಜಿಲ್ಲೆಯ ಆ ಊರಿಗೆ ಇಂದಿಗೂ ಐರಿಷ್‌ನಲ್ಲಿ 'ಫರ್ಡಿಯಾನ ಕಡವಿನ ಊರು' ಎಂದೇ ಹೆಸರು. ಗೆದ್ದವನ ಹೆಸರು ಅದಕ್ಕಿಲ್ಲ.