ಬಿಟ್ಟಿ ಕೆಲಸಕ್ಕೂ ಒಂದು ಬಿಲ್

ಸಣ್ಣ ಕ್ರಿಯೇಟಿವ್ ಏಜೆನ್ಸಿಗಳಲ್ಲಿ ಸಮಾಜಸೇವೆ ಸಾಮಾನ್ಯವಾಗಿ ಶುರುವಾಗುವುದು ವಾರದ ಕೊನೆಗೆ. ಮಾಲೀಕರಿಗೆ ಪರಿಚಯದವರ ಫೋನ್ ಬರುತ್ತದೆ. ಒಳ್ಳೆಯ ಉದ್ದೇಶ, ಒಂದೇ ಒಂದು ಪೋಸ್ಟರ್, ಸೋಮವಾರ ಬೆಳಿಗ್ಗೆ ಬೇಕು. ‘ಆಯ್ತು, ಮಾಡಿಕೊಡೋಣ ಬಿಡಿ’ ಅಂತ ಅವರು ಮಾತು ಕೊಟ್ಟುಬಿಡುತ್ತಾರೆ. ಹೆಸರು ಬರುವುದು ಏಜೆನ್ಸಿಗೆ, ಭಾನುವಾರ ಹೋಗುವುದು ಡಿಸೈನರ್‌ದು.

ಇಂಥದ್ದೇ ಒಂದು ಏಜೆನ್ಸಿಯಲ್ಲಿ ಕ್ಲೈಂಟ್‌ಗಳನ್ನೂ ವೇಳಾಪಟ್ಟಿಯನ್ನೂ ನೋಡಿಕೊಳ್ಳುವ ಕೆಲಸ ನನ್ನದು. ದುಡ್ಡು ಕೊಡುವ ಕ್ಲೈಂಟ್‌ಗಳ ಜೊತೆಗೆ ರಕ್ತದಾನಿಗಳ ಬಳಗ, ಸಂಜೆ ಶಾಲೆ, ವೃದ್ಧರ ಆರೈಕೆ ಕೇಂದ್ರ, ಇಂಥವರಿಗೂ ನಾವು ಕೆಲಸ ಮಾಡಿಕೊಡುತ್ತೇವೆ. ಈ ವಿಷಯದಲ್ಲಿ ನನಗಿರುವುದು ಒಂದೇ ಹಟ. ಉಚಿತ ಕೆಲಸ ಆಫೀಸಿನ ಹೊತ್ತಿನಲ್ಲೇ ನಡೆಯಬೇಕು, ಆಫೀಸಿನ ಲೆಕ್ಕಕ್ಕೇ ಬೀಳಬೇಕು. ಸಿಬ್ಬಂದಿಯ ರಜೆ ಕಿತ್ತುಕೊಂಡು ಸೇವೆ ಮಾಡಿದರೆ ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂದ ಹಾಗಾಗುತ್ತದೆ.

ಇದರಲ್ಲಿ ಹೊಸದೇನೂ ಇಲ್ಲ. ಅಮೆರಿಕದ ಪಬ್ಲಿಕ್ ಆರ್ಕಿಟೆಕ್ಚರ್ ಸಂಸ್ಥೆ 2005ರಲ್ಲಿ ವಾಸ್ತುಶಿಲ್ಪದ ಕಚೇರಿಗಳನ್ನು ಕೇಳಿದ್ದು ಇಷ್ಟೇ: ನಿಮ್ಮ ಕೆಲಸದ ಹೊತ್ತಿನಲ್ಲಿ ಶೇ. 1ರಷ್ಟನ್ನು ಸಾರ್ವಜನಿಕ ಕೆಲಸಕ್ಕೆ ಮೀಸಲಿಡಿ. ವಾರಕ್ಕೆ 40 ಗಂಟೆ ಹಿಡಿದರೆ ಒಬ್ಬರಿಗೆ ವರ್ಷಕ್ಕೆ ಸುಮಾರು 20 ಗಂಟೆ ಆಯಿತು. ಎಷ್ಟು ಕಡಿಮೆ ಅನಿಸಬಹುದು. ಆದರೆ ಅಷ್ಟು ಕಡಿಮೆ ಇರುವುದರಿಂದಲೇ ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಡಬಹುದು, ಟೈಮ್‌ಶೀಟಿಗೆ ಏರಿಸಬಹುದು, ವರ್ಷದ ಕೊನೆಗೆ ಕೊಟ್ಟೆವೋ ಇಲ್ಲವೋ ಅಂತ ನೋಡಬಹುದು. ‘ಕೈಲಾದಷ್ಟು ಮಾಡೋಣ’ ಅನ್ನುವ ಮಾತಿಗೆ ಈ ಯಾವ ಅನುಕೂಲವೂ ಇಲ್ಲ. ಕೈಲಾದಷ್ಟು ಎಂದರೆ ಎಷ್ಟು ಅಂತ ಕೊನೆಗೆ ನಿರ್ಧಾರವಾಗುವುದು ಬೇಡ ಅನ್ನಲಾಗದ ಹೊಸ ಹುಡುಗನ ಮೇಜಿನ ಮೇಲೆ.

ಇನ್ನೊಂದು ದಾರಿಯೂ ಇದೆ. 1998ರಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಒಂದು ಏಜೆನ್ಸಿ ಕ್ರಿಯೇಟ್‌ಅಥಾನ್ ಶುರುಮಾಡಿತು. 24 ಗಂಟೆ ಬಾಗಿಲು ಹಾಕಿಕೊಂಡು ಸೇವಾಸಂಸ್ಥೆಗಳ ಕೆಲಸ ಮಾತ್ರ ಮಾಡುವುದು. ತಂಡಕ್ಕೆ ಹುರುಪು ಬರುತ್ತದೆ, ಜಾಹೀರಾತಿನ ಮಾತು ಬರೆಯುವ ಕಾಪಿರೈಟರ್‌ಗೂ ಡಿಸೈನರ್‌ಗೂ ನಡೆಯುವ ಜಗಳ ಕೂಡ ಅವತ್ತು ಮಜವಾಗಿರುತ್ತದೆ. ನನಗಿರುವ ತಕರಾರು ಒಂದೇ. ಸಂಸ್ಥೆಯವರಿಗೆ ವೆಬ್‌ಸೈಟಿನ ಪಾಸ್‌ವರ್ಡ್ ಮರೆತುಹೋಗುವುದು ಆ 24 ಗಂಟೆಯೊಳಗಲ್ಲ, ಮೂರು ತಿಂಗಳಾದ ಮೇಲೆ. ಆಗ ಫೋನ್ ಎತ್ತುವವರು ಯಾರು ಅಂತ ಮೊದಲೇ ಗೊತ್ತಿದ್ದರೆ ಮ್ಯಾರಥಾನ್ ಧಾರಾಳವಾಗಿ ನಡೆಯಲಿ.

ಈಗ ಬಿಲ್ಲಿನ ವಿಷಯ. ಪ್ರತಿ ಉಚಿತ ಕೆಲಸಕ್ಕೂ ನಾವು ಪೂರ್ತಿ ಬಿಲ್ ಮಾಡುತ್ತೇವೆ. ವಿನ್ಯಾಸ ಇಷ್ಟು, ಬರವಣಿಗೆ ಇಷ್ಟು, ತಿದ್ದುಪಡಿ ಇಷ್ಟು ಅಂತ ಬೇರೆಯವರಿಗೆ ಹಾಕುವ ದರವನ್ನೇ ಸಾಲುಸಾಲಾಗಿ ಬರೆದು, ಕೊನೆಗೆ ಶೇ. 100 ರಿಯಾಯಿತಿ ಕಳೆದು, ಕೊಡಬೇಕಾದ ಮೊತ್ತ ಸೊನ್ನೆ ಅಂತ ತೋರಿಸುತ್ತೇವೆ. ಮೊದಲ ಸಲ ಇದು ಕೈಗೆ ಬಂದಾಗ ಸಂಜೆ ಶಾಲೆಯ ಖಜಾಂಚಿ ಗಾಬರಿಯಿಂದ ಫೋನ್ ಮಾಡಿದ್ದರು. ‘ಅಲ್ಲಾ, ಫ್ರೀ ಅಂದಿದ್ರಲ್ಲ?’ ‘ಕೊನೆ ಸಾಲು ನೋಡಿ ಸಾರ್.’ ಒಂದು ಕ್ಷಣ ಸದ್ದಿಲ್ಲ. ಆಮೇಲೆ, ‘ಓಹೋ, ಇಷ್ಟೊಂದು ಆಗುತ್ತಾ ಇದಕ್ಕೆ?’

ನಮಗೆ ಬೇಕಾಗಿದ್ದುದು ಆ ಪ್ರಶ್ನೆಯೇ. ಬೆಲೆ ಕಂಡ ಮೇಲೆ ಜನ ಕೆಲಸವನ್ನು ನೋಡುವ ರೀತಿ ಬೇರೆಯಾಗುತ್ತದೆ. ‘ಆ ನೀಲಿ ಬದಲು ಹಸಿರು ಹಾಕಿ ನೋಡೋಣ, ಹಾಗೇ ಸುಮ್ಮನೆ’ ಅನ್ನುವ ಮೆಸೇಜ್‌ಗಳು ಕಡಿಮೆಯಾಗುತ್ತವೆ. ದಾನಿಗಳಿಗೆ ಅರ್ಜಿ ಹಾಕುವಾಗ, ನಮಗೆ ಇಷ್ಟು ಮೌಲ್ಯದ ಸೇವೆ ಬೇರೆಡೆಯಿಂದ ಬಂದಿದೆ ಅಂತ ತೋರಿಸಲು ಸಂಸ್ಥೆಯವರಿಗೂ ಒಂದು ಕಾಗದ ಸಿಗುತ್ತದೆ. ಏಜೆನ್ಸಿಗೆ ಇದರಿಂದ ತೆರಿಗೆ ಉಳಿಯುತ್ತದೆ ಅಂತ ಮಾತ್ರ ಯಾರೂ ಲೆಕ್ಕ ಹಾಕಬೇಡಿ. ಅಮೆರಿಕದ ತೆರಿಗೆ ನಿಯಮದಲ್ಲಂತೂ ನೀವು ಕೊಟ್ಟ ಸಮಯ ಮತ್ತು ಶ್ರಮದ ಬೆಲೆಯನ್ನು ದೇಣಿಗೆಯೆಂದು ಕಳೆಯಲು ಅವಕಾಶವೇ ಇಲ್ಲ. ನಿಮ್ಮ ಕಡೆಯ ನಿಯಮ ಏನೆಂದು ನಿಮ್ಮ ಲೆಕ್ಕಿಗರನ್ನು ಕೇಳಿಕೊಳ್ಳಿ.

ಬಿಲ್ಲಿಗಿಂತ ಮುಂಚೆ ಬ್ರೀಫ್, ಅಂದರೆ ಏನು ಬೇಕು, ಯಾರಿಗೆ ಬೇಕು ಅಂತ ಬರೆದಿಟ್ಟ ಟಿಪ್ಪಣಿ. ದುಡ್ಡಿನ ಕ್ಲೈಂಟ್‌ಗೆ ಎರಡು ಪುಟದ ಬ್ರೀಫ್ ಇಲ್ಲದೆ ಕಂಪ್ಯೂಟರ್ ಮುಟ್ಟದವರು ಸೇವಾಸಂಸ್ಥೆಯ ಕೆಲಸವನ್ನು ಒಂದು ವಾಯ್ಸ್ ಮೆಸೇಜ್ ಕೇಳಿ ಶುರುಮಾಡುತ್ತಾರೆ. ಯಾಕೆಂದರೆ ‘ಅವರ ಹತ್ತಿರ ಏನು ಕೇಳೋದು, ಪಾಪ’. ಈ ಪಾಪ ಅನ್ನುವ ಭಾವ ಬಹಳ ತುಟ್ಟಿ. ಸಂಸ್ಥೆಯಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಹಿರಿಯ ಸದಸ್ಯರು, ಬಣ್ಣಗಳ ಬಗ್ಗೆ ತಿಳಿದುಕೊಂಡ, ಅವರಲ್ಲೊಬ್ಬರ ಮಗಳು, ಎಲ್ಲರೂ ಒಂದೇ ವಾಟ್ಸ್ಆಪ್ ಗುಂಪಿನಲ್ಲಿರುತ್ತಾರೆ. ಎಲ್ಲರಿಗೂ ಅಭಿಪ್ರಾಯ ಇರುತ್ತದೆ, ಒಪ್ಪಿಗೆ ಕೊಡುವ ಅಧಿಕಾರ ಯಾರಿಗಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಬ್ರೀಫಿನ ಮೊದಲ ಸಾಲಿನಲ್ಲೇ ಅಂತಿಮವಾಗಿ ಹೂಂ ಅನ್ನುವ ಒಬ್ಬರ ಹೆಸರು ಬರೆಸಿಕೊಳ್ಳುತ್ತೇವೆ. ಎಷ್ಟು ಸುತ್ತು ಕರೆಕ್ಷನ್ ಅನ್ನುವುದೂ ಅಲ್ಲೇ ಇರುತ್ತದೆ. ಇದನ್ನು ಕೇಳಿ ಬೇಜಾರು ಮಾಡಿಕೊಂಡವರು ಕಡಿಮೆ. ನಮ್ಮನ್ನು ಗಂಭೀರವಾಗಿ ತೆಗೆದುಕೊಂಡರಲ್ಲ ಅಂತ ಖುಷಿಪಟ್ಟವರೇ ಹೆಚ್ಚು.

ಬ್ರೀಫ್ ಬರೆಯಲು ಕೂತಾಗ ಕೇಳಿದ್ದು ಒಂದು, ಬೇಕಾದದ್ದು ಇನ್ನೊಂದು ಅಂತ ಎಷ್ಟೋ ಸಲ ಗೊತ್ತಾಗುತ್ತದೆ. ಹೊಸ ಲೋಗೊ ಬೇಕು ಅಂತ ಬರುತ್ತಾರೆ. ಮಾತಾಡುತ್ತಾ ಹೋದರೆ, ಅವರ ಕರಪತ್ರದಲ್ಲಿರುವ ಫೋನ್ ನಂಬರ್ ಸಂಸ್ಥೆ ಬಿಟ್ಟುಹೋದ ಸ್ವಯಂಸೇವಕರದ್ದು. ಅರ್ಜಿ ಫಾರ್ಮ್ ಮೊಬೈಲಿನಲ್ಲಿ ತೆರೆಯುವುದೇ ಇಲ್ಲ. ಇದನ್ನು ಸರಿಮಾಡುವುದರಲ್ಲಿ ಡಿಸೈನರ್‌ಗೆ ಹೇಳಿಕೊಳ್ಳುವಂಥ ಸುಖ ಇಲ್ಲ, ಪೋರ್ಟ್‌ಫೋಲಿಯೊಗೆ ಹಾಕುವಂಥದ್ದೂ ಅಲ್ಲ. ಆದರೆ ಅದನ್ನೇ ಮೊದಲು ಮಾಡುತ್ತೇವೆ. ನಮ್ಮ ಉದ್ಯಮದಲ್ಲಿ ಸೇವಾಸಂಸ್ಥೆಯ ಹೆಸರು ಬಳಸಿಕೊಂಡು, ಒಂದೇ ಒಂದು ಸಲ ಎಲ್ಲೋ ಮೂಲೆಯಲ್ಲಿ ಪ್ರಕಟಿಸಿ, ಪ್ರಶಸ್ತಿಗೆ ಕಳಿಸುವ ಜಾಹೀರಾತುಗಳ ಒಂದು ಪರಂಪರೆಯೇ ಇದೆ. ಸ್ಕ್ಯಾಮ್ ಆಡ್ ಅಂತ ಒಳಗಿನವರೇ ಕರೆಯುತ್ತಾರೆ. ಅಂಥ ಒಂದು ಜಾಹೀರಾತಿಗೆ ಸುರಿದ ಬುದ್ಧಿಯಲ್ಲಿ ಎಷ್ಟು ಫಾರ್ಮ್‌ಗಳು ಸರಿಹೋಗುತ್ತಿದ್ದವೋ!

ರಕ್ತದಾನಿಗಳ ಬಳಗದ ಪೋಸ್ಟರ್ ಒಂದರ ಬಗ್ಗೆ ಹೇಳಬೇಕು. ನಮ್ಮ ಡಿಸೈನರ್‌ಗೆ ಒಂದು ಅಭ್ಯಾಸವಿದೆ. ಇಂಥ ಕೆಲಸದ ಕರಡನ್ನು ಕ್ಲೈಂಟ್‌ಗೆ ಕಳಿಸುವ ಮುಂಚೆ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಅದನ್ನು ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿ, ಆ ಜೆರಾಕ್ಸನ್ನೇ ಮತ್ತೊಮ್ಮೆ ಜೆರಾಕ್ಸ್ ಮಾಡಿ ಗೋಡೆಗೆ ಅಂಟಿಸುತ್ತಾಳೆ. ಆಮೇಲೆ ಕೋಣೆಯ ಆ ತುದಿಗೆ ಹೋಗಿ ನಿಂತು ಓದುತ್ತಾಳೆ. ಪರದೆಯ ಮೇಲೆ ಕಡುಗೆಂಪು ಹಿನ್ನೆಲೆಯಲ್ಲಿ ತಿಳಿಗೆಂಪು ಹನಿ, ಅದರೊಳಗೆ ಸಣಕಲು ಅಕ್ಷರದಲ್ಲಿ ನಂಬರ್, ಸೊಗಸಾಗಿತ್ತು. ಗೋಡೆಯ ಮೇಲೆ ಅದೊಂದು ಕಪ್ಪು ಚೌಕ. ಹನಿಯೂ ಇಲ್ಲ, ನಂಬರೂ ಇಲ್ಲ. ಅವಳು ಏನೂ ಮಾತಾಡದೆ ಬಂದು ಹಿನ್ನೆಲೆ ಬಿಳಿ ಮಾಡಿ, ಹನಿಯ ಅಂಚನ್ನು ದಪ್ಪ ಗೆರೆಯಲ್ಲಿ ಎಳೆದು, ನಂಬರನ್ನು ಪುಟದ ಅಗಲಕ್ಕೂ ಹರಡಿದಳು. ಬಳಗದವರು ಆ ಪೋಸ್ಟರನ್ನು ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿಸುವವರಲ್ಲ. ಕೈಗೆ ಸಿಕ್ಕ ಪ್ರತಿಯನ್ನು ಜೆರಾಕ್ಸ್ ಮಾಡಿ ಹಂಚುವವರು. ಅಂಚು ಕತ್ತರಿಸಲು ಬಿಡುವ 3 ಮಿ.ಮೀ. ಬ್ಲೀಡ್, ಚಿತ್ರದ ಸ್ಪಷ್ಟತೆಗೆ 300 ಡಿಪಿಐ ಅಂತ ನಾವು ಪಾಲಿಸುವ ಶಿಸ್ತೆಲ್ಲ ಒಳ್ಳೆಯ ಪ್ರೆಸ್ಸಿಗೆ ಹೋಗುವ ಕೆಲಸಕ್ಕೆ. ಪರದೆಗೆ ಹೋಗುವುದಾದರೆ ವೆಬ್ ಪುಟಗಳು ಎಲ್ಲರಿಗೂ ಓದಲು ಬರಬೇಕು ಅನ್ನುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಹೇಳುವಂತೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ತಿಳಿ-ಗಾಢ ವ್ಯತ್ಯಾಸ, ಇದೆಯೇ ಅಂತ ನೋಡುತ್ತೇವೆ. ಗೋಡೆಗೆ ಹೋಗುವುದಾದರೆ ಎರಡನೇ ಜೆರಾಕ್ಸೇ ಮಾರ್ಗಸೂಚಿ.

1958ರಲ್ಲಿ ಜೆರಾಲ್ಡ್ ಹೋಲ್ಟಮ್ ಬ್ರಿಟನ್ನಿನ ಅಣ್ವಸ್ತ್ರ ವಿರೋಧಿ ಮೆರವಣಿಗೆಗೆ ಬಿಡಿಸಿಕೊಟ್ಟ ಶಾಂತಿಚಿಹ್ನೆ ನೆನಪಿಸಿಕೊಳ್ಳಿ. ಒಂದು ವೃತ್ತ, ಒಳಗೆ ಕೆಲವು ಗೆರೆ. ಬ್ರಷ್ ಹಿಡಿಯಲು ಬಂದವರು ಯಾರು ಬೇಕಾದರೂ ರಟ್ಟಿನ ಮೇಲೆ ಬಿಡಿಸಬಹುದು. ಅದರ ಮೇಲೆ ಯಾರೂ ಹಕ್ಕು ನೋಂದಾಯಿಸಲಿಲ್ಲ, ಎಲ್ಲರೂ ಬಳಸಿದರು. ಮಿಲ್ಟನ್ ಗ್ಲೇಸರ್ ನ್ಯೂಯಾರ್ಕ್‌ಗೆ ಮಾಡಿಕೊಟ್ಟ, ಹೃದಯದ ಚಿತ್ರವಿರುವ ಲೋಗೊದ ಕಥೆ ಬೇರೆ. 1977ರ ಆ ಪ್ರವಾಸೋದ್ಯಮ ಪ್ರಚಾರಕ್ಕೆ ಅವರು ಶುಲ್ಕ ತೆಗೆದುಕೊಳ್ಳಲಿಲ್ಲ. ಮುಂದೆ ಅದು ರಾಜ್ಯದ ಟ್ರೇಡ್‌ಮಾರ್ಕ್ ಆಗಿ, ಅಂಗಿ-ಕಪ್‌ಗಳ ಮೇಲೆ ಅಚ್ಚಾಗಿ, ರಾಜ್ಯಕ್ಕೆ ಆದಾಯ ತರುತ್ತಲೇ ಇದೆ. ಎರಡೂ ಪುಕ್ಕಟೆ ಕೆಲಸಗಳೇ. ಮಾಡಿಕೊಟ್ಟಿದ್ದು ಆಮೇಲೆ ಯಾರದ್ದು ಅನ್ನುವುದಕ್ಕೆ ಮಾತ್ರ ಒಂದೊಂದರಲ್ಲೂ ಒಂದೊಂದು ಉತ್ತರ.

ನಮ್ಮ ಮಟ್ಟದಲ್ಲಿ ಈ ಪ್ರಶ್ನೆ ಇನ್ನೂ ಸಪ್ಪೆ ರೂಪದಲ್ಲಿ ಬರುತ್ತದೆ. ಹಲವು ದೇಶಗಳ ಕಾನೂನಿನಲ್ಲಿ, ಬರಹದಲ್ಲಿ ವರ್ಗಾಯಿಸದ ಹೊರತು ವಿನ್ಯಾಸದ ಹಕ್ಕು ಮಾಡಿದವರ ಬಳಿಯೇ ಉಳಿಯುತ್ತದೆ. ಸಂಸ್ಥೆಯವರು ಇದನ್ನು ಕೇಳುವುದಿಲ್ಲ, ಏಜೆನ್ಸಿಯವರು ಹೇಳುವುದಿಲ್ಲ. ಆದ್ದರಿಂದ ಒಪ್ಪಂದದಲ್ಲೇ ಒಂದು ಸಾಲು ಸೇರಿಸಿ ಹಕ್ಕು ಬಿಟ್ಟುಕೊಡುತ್ತೇವೆ. ಓಪನ್ ಫೈಲ್, ಅಂದರೆ ತಿದ್ದಲು ಬರುವ ಮೂಲ ಫೈಲ್, ಕೊಡುತ್ತೇವೆ. ಅಕ್ಷರಕ್ಕೆ ಮುಕ್ತ ಪರವಾನಗಿಯ ಫಾಂಟ್‌ಗಳನ್ನೇ ಬಳಸುತ್ತೇವೆ, ಇಲ್ಲದಿದ್ದರೆ ನಾಳೆ ಇನ್ನೊಬ್ಬರು ಫೈಲ್ ತೆರೆದಾಗ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಡೊಮೇನ್ ಹೆಸರು ಸಂಸ್ಥೆಯ ಖಾತೆಯಲ್ಲೇ, ಸಂಸ್ಥೆಯ ಇಮೇಲ್‌ನಲ್ಲೇ ನೋಂದಣಿ ಆಗಬೇಕು. ‘ನಾವೇ ನೋಡ್ಕೋತೀವಿ ಬಿಡಿ’ ಅಂತ ಉದಾರವಾಗಿ ತನ್ನ ಹೆಸರಿಗೆ ಮಾಡಿಸಿಕೊಂಡ ಏಜೆನ್ಸಿಯೊಂದು ಮುಚ್ಚಿಹೋದ ಮೇಲೆ ತಮ್ಮದೇ ವೆಬ್‌ಸೈಟಿನ ಬಾಗಿಲು ತಟ್ಟುತ್ತಾ ನಮ್ಮಲ್ಲಿಗೆ ಬಂದವರಿದ್ದಾರೆ.

ಫೋಟೊಗಳ ಬಗ್ಗೆ ಒಂದೇ ಮಾತು. ಅಳುವ ಮಗುವಿನ ಚಿತ್ರಕ್ಕೆ ದೇಣಿಗೆ ಬರುತ್ತದೆ ಅಂತ ಸಂಸ್ಥೆಯವರೇ ಒತ್ತಾಯಿಸಿದರೂ, ಒಪ್ಪಿಗೆ ಪತ್ರವಿಲ್ಲದ ಮುಖವನ್ನು ನಾವು ಹಾಕುವುದಿಲ್ಲ.

ದುಡ್ಡು ಕೊಡುವ ಕ್ಲೈಂಟ್‌ಗಳ ಕಡೆಯಿಂದ ಬರುವುದು ಎರಡು ಬಗೆಯ ಮಾತು. ಕೆಲಸ ತಡವಾದಾಗ ‘ನಿಮಗೀಗ ಸಮಾಜಸೇವೆಯೇ ಜಾಸ್ತಿ ಆಯ್ತು’ ಅನ್ನುವ ಚುಚ್ಚು ಮಾತು. ಟೈಮ್‌ಶೀಟ್ ಇದ್ದರೆ ಇದಕ್ಕೆ ತಣ್ಣಗೆ ಉತ್ತರ ಕೊಡಬಹುದು. ಆ ವಾರ ಉಚಿತ ಕೆಲಸಕ್ಕೆ ಹೋದ ಹೊತ್ತು ಎಷ್ಟು, ಅವರ ಕಡೆಯಿಂದ ಫೋಟೊ ಬರಲು ಕಾದ ಹೊತ್ತು ಎಷ್ಟು ಅಂತ ಹಾಳೆಯಲ್ಲೇ ಇರುತ್ತದೆ. ಎರಡನೆಯದು ಹೊಗಳಿಕೆ, ಅದು ಇನ್ನೂ ಕಷ್ಟ. ‘ನೀವು ಆ ಶಾಲೆಗೆ ಮಾಡ್ತೀರಲ್ಲ, ಅದರಲ್ಲಿ ನಮ್ಮ ಲೋಗೊನೂ ಇರಲಿ.’ ಹಾಗಾದರೆ ಅಚ್ಚಿನ ಖರ್ಚು ನಿಮ್ಮದು, ಲೋಗೊದ ಗಾತ್ರ ಶಾಲೆಯವರು ಹೇಳಿದಷ್ಟು ಅನ್ನುತ್ತೇವೆ. ಕೆಲವರು ಒಪ್ಪುತ್ತಾರೆ, ಕೆಲವರು ಮತ್ತೆ ಆ ವಿಷಯ ಎತ್ತುವುದಿಲ್ಲ.

ಒಪ್ಪಂದದಲ್ಲಿ ಮುಗಿಯುವ ತಾರೀಖೂ ಇರುತ್ತದೆ. ಬರೆಯುವಾಗ ಸುಲಭ, ಆ ತಾರೀಖು ಬಂದಾಗ ಕಷ್ಟ. ವೃದ್ಧರ ಆರೈಕೆ ಕೇಂದ್ರದವರು ತಮ್ಮ ಅವಧಿ ಮುಗಿದ ಮೇಲೆ ತಾವೇ ಬಂದು, ಪೂರ್ತಿ ದರ ಆಗುವುದಿಲ್ಲ, ಅರ್ಧ ಕೊಡುತ್ತೇವೆ, ಮುಂದುವರಿಸಿ ಅಂದರು. ಈಗ ಬಿಲ್ಲಿನಲ್ಲಿ ರಿಯಾಯಿತಿ ಶೇ. 50 ಅಂತ ಬೀಳುತ್ತಿದೆ. ನಮ್ಮ ಕಾಪಿರೈಟರ್‌ಗೆ ಇದು ಸರಿಬಂದಿಲ್ಲ. ಕೊಡುವುದಾದರೆ ಪೂರ್ತಿ ಕೊಡಬೇಕು, ಅವರಿಂದ ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ ಅನ್ನುವುದು ಅವನ ವಾದ. ಅವರ ಅರ್ಧ ದುಡ್ಡಿನಿಂದ ಉಳಿದ ಹೊತ್ತು ಕಾಯುವ ಪಟ್ಟಿಯಲ್ಲಿರುವ ಇನ್ನೊಂದು ಸಂಸ್ಥೆಗೆ ಹೋಗುತ್ತಿದೆಯಲ್ಲ ಅನ್ನುವುದು ನನ್ನ ವಾದ. ಮುಂದಿನ ತ್ರೈಮಾಸಿಕದ ವೇಳಾಪಟ್ಟಿ ಹಾಕುವಾಗ ಇಬ್ಬರೂ ಮತ್ತೆ ಕೂತು ಜಗಳವಾಡಲಿದ್ದೇವೆ, ಆಫೀಸಿನ ಹೊತ್ತಿನಲ್ಲೇ.