ಸುಳ್ಳಾಡಲಾರದ ಮಾಂತ್ರಿಕೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ವಹಿಸುವ ಆಟಕ್ಕಾಗಿ ನಾನು ರೂಪಿಸಿದ ಮೊದಲ ಫೇ ಮಾಂತ್ರಿಕೆ, ಅಂದರೆ ಫೇ ಎಂಬ ಮಾಯಾಲೋಕದವರಿಂದ ಶಕ್ತಿ ಪಡೆದವಳು, ನಾಲ್ಕನೆಯ ಭಾನುವಾರಕ್ಕೇ ಸತ್ತಳು. ಅವಳಿಗಾಗಿ ನಮ್ಮ ಗುಂಪಿನಲ್ಲಿ ಯಾರೂ ಮರುಗಲಿಲ್ಲ, ನಾನೂ ಮರುಗಲಿಲ್ಲ. ಹಸಿರು ಮೇಲಂಗಿ, ಕೂದಲಿಗೆ ಸಿಕ್ಕಿಸಿಕೊಂಡ ಮಿಂಚುಹುಳುಗಳು, ಮಾತುಮಾತಿಗೂ ಕಿಲಕಿಲ ನಗು, ಇಷ್ಟೇ ಅವಳ ಬಂಡವಾಳವಾಗಿತ್ತು. ಎರಡನೆಯ ಲೆವೆಲ್‌ನಲ್ಲಿ (ಪಾತ್ರ ಬೆಳೆಯುವ ಹಂತ) ಓಗರ್ ಎಂಬ ದೈತ್ಯವೊಂದು ಎದುರಾದಾಗ ಅವಳು ಫೇ ಪ್ರೆಸೆನ್ಸ್ ಎಂಬ ತನ್ನ ಶಕ್ತಿಯನ್ನು ಪ್ರಯೋಗಿಸಿದಳು. ಅದು ಅವಳಿಂದ ಹೊರಟು ಹತ್ತು ಅಡಿಯ ಘನದೊಳಗಿರುವ ಪ್ರತಿಯೊಂದು ಜೀವಿಯನ್ನೂ ಮರುಳುಮಾಡುತ್ತದೆ ಇಲ್ಲವೇ ಹೆದರಿಸುತ್ತದೆ. ‘ಪ್ರತಿಯೊಂದು ಜೀವಿ’ ಎಂಬುದನ್ನು ನಾನು ಸರಿಯಾಗಿ ಓದಿರಲಿಲ್ಲ. ಓಗರ್‌ನ ವಿವೇಕ (ವಿಸ್ಡಮ್) ಕಡಿಮೆಯಾದದ್ದರಿಂದ ಅದು ಸೋಲುವ ಸಂಭವ ನೂರಕ್ಕೆ 70ರಷ್ಟಿತ್ತು. ಆದರೂ ದಾಳದಲ್ಲಿ 17 ಬಿದ್ದು ಅದು ಪಾರಾಯಿತು. ಪಕ್ಕದಲ್ಲಿಯೇ ನಿಂತಿದ್ದ, ಗಾಯ ಮಾಯಿಸುವ ಪುರೋಹಿತನಾದ ನಮ್ಮ ಕ್ಲೆರಿಕ್ ಮಾತ್ರ ಹೆದರಿಬಿಟ್ಟ. ಗದೆಯ ಒಂದೇ ಏಟಿಗೆ ಅವಳು ನೆಲ ಕಂಡಾಗ, ಹೆದರಿದವನು ಹೆದರಿಸಿದವರ ಹತ್ತಿರಕ್ಕೆ ಹೋಗುವಂತಿಲ್ಲ ಎಂಬ ನಿಯಮದಿಂದಾಗಿ, ಮುಟ್ಟಿ ಬದುಕಿಸಬೇಕಾದವನೇ ಎರಡು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಂತ. ಬಿದ್ದವಳ ಮೇಲೆ ಓಗರ್‌ನ ಮತ್ತೊಂದು ಏಟು ಬಿತ್ತು, ಅಲ್ಲಿಗೆ ಕಥೆ ಮುಗಿಯಿತು.

ಈ ಬರಹ ಅವಳ ನಂತರ ಬಂದ, ಈಗ ಒಂದೂವರೆ ವರ್ಷದಿಂದ ಬದುಕಿಕೊಂಡಿರುವ ರೋವನ್‌ಳನ್ನು ಕುರಿತದ್ದು.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳುವುದು ಅಗತ್ಯ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟದಲ್ಲಿ ಒಬ್ಬರು ಡಿಎಂ (ಡಂಜನ್ ಮಾಸ್ಟರ್) ಆಗಿ ಕಥೆಯ ಲೋಕವನ್ನು ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ, ಫಲಿತಾಂಶ ಅನಿಶ್ಚಿತವಾದಾಗ ಇಪ್ಪತ್ತು ಮುಖದ ದಾಳ ತೀರ್ಪು ಕೊಡುತ್ತದೆ. ಮಾಂತ್ರಿಕರಲ್ಲಿ ವಿಜರ್ಡ್ ಓದಿ ಕಲಿತವನು, ಸಾರ್ಸರರ್ ಹುಟ್ಟಿನಿಂದ ಪಡೆದವನು, ವಾರ್‌ಲಾಕ್ ಮಾತ್ರ ತನಗಿಂತ ದೊಡ್ಡದಾದ ಶಕ್ತಿಯೊಂದರ ಜೊತೆ ಒಪ್ಪಂದ ಮಾಡಿಕೊಂಡವನು. ಆ ಶಕ್ತಿ ಫೇ ಲೋಕದ ಒಡೆಯರಲ್ಲೊಬ್ಬರಾಗಿದ್ದರೆ ಅವರನ್ನು ಆರ್ಚ್‌ಫೇ ಎನ್ನುತ್ತಾರೆ. ನನ್ನ ಇಬ್ಬರು ಮಾಂತ್ರಿಕೆಯರೂ ಅಂತಹವರೊಡನೆ ಒಪ್ಪಂದ ಮಾಡಿಕೊಂಡ ವಾರ್‌ಲಾಕ್‌ಗಳು. ನಾವು ಆಡುವುದು ಐದನೆಯ ಆವೃತ್ತಿಯ 2014ರ ನಿಯಮಗಳ ಪ್ರಕಾರ. 2024ರ ಪರಿಷ್ಕೃತ ಪುಸ್ತಕದಲ್ಲಿ ಆರ್ಚ್‌ಫೇ ಆಯ್ಕೆ ಮೂರನೆಯ ಲೆವೆಲ್‌ಗೆ ಸರಿದಿದ್ದು, ಇಡೀ ವಿನ್ಯಾಸ ಮಿಸ್ಟಿ ಸ್ಟೆಪ್ ಎಂಬ ಮಾಯವಾಗಿ ಜಾಗ ಬದಲಿಸುವ ಮಂತ್ರದ ಸುತ್ತ ಹೆಣೆದುಕೊಂಡಿದೆ. ಯುದ್ಧದ ಮಟ್ಟಿಗೆ ಅದು ಹೆಚ್ಚು ಉಪಯುಕ್ತವೆಂಬುದನ್ನು ಒಪ್ಪುತ್ತೇನೆ, ಆದರೆ ಹಳೆಯದರಲ್ಲಿದ್ದ ಮಂಕುಬೂದಿಯ ಗುಣ ನನಗೆ ಹೆಚ್ಚು ಇಷ್ಟ.

ಫೇ ಎಂಬ ಮಾತನ್ನು ಕನ್ನಡಕ್ಕೆ ತರಲು ಹೋದಾಗಲೇ ನನ್ನ ಮೊದಲ ತಪ್ಪು ಎಲ್ಲಿಂದ ಬಂದಿತೆಂಬುದು ಹೊಳೆದದ್ದು. ಕಿನ್ನರಿ ಎಂದೊಡನೆ ಮಕ್ಕಳ ಪುಸ್ತಕದ ರೆಕ್ಕೆಯ ಹುಡುಗಿ ಕಣ್ಣಿಗೆ ಬರುತ್ತಾಳೆ. ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ನ ಹಳ್ಳಿಗರು ಕಂಡಿದ್ದ ಫೇ ಜನ ಹಾಗಿರಲಿಲ್ಲ. ಅವರು ಗುಡ್ಡದೊಳಗೆ ವಾಸವಾಗಿರುವ, ಹಾಲು ಕದಿಯುವ, ಹಸುಗೂಸನ್ನು ಅದಲುಬದಲು ಮಾಡುವ ನೆರೆಹೊರೆಯವರು. ಅವರನ್ನು ನೇರವಾಗಿ ಹೆಸರಿಸದೆ ‘ಒಳ್ಳೆಯ ನೆರೆಯವರು’, ‘ಒಳ್ಳೆಯ ಜನ’ ಎಂದು ಕರೆಯುವ ರೂಢಿಯಿತ್ತು. ರಾತ್ರಿ ಹೊತ್ತು ಹಾವನ್ನು ‘ಹುಳ’ ಎನ್ನುವ, ಸಿಡುಬನ್ನು ‘ಅಮ್ಮ’ ಎಂದ ನಮಗೆ ಆ ಭಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಬರ್‌ಫಾಯ್ಲ್ ಎಂಬ ಊರಿನ ಪಾದ್ರಿ ರಾಬರ್ಟ್ ಕರ್ಕ್ 1690ರ ದಶಕದ ಆರಂಭದಲ್ಲಿ ಈ ಜನರ ಬಗ್ಗೆ ಹಸ್ತಪ್ರತಿಯೊಂದನ್ನು ಬರೆದಿಟ್ಟ. 1692ರಲ್ಲಿ ಅವನು ತೀರಿಕೊಂಡಾಗ ಊರವರು ಅದನ್ನು ಸಾವೆಂದು ಒಪ್ಪಲಿಲ್ಲ. ಗುಟ್ಟು ಬಯಲು ಮಾಡಿದವನನ್ನು ಅವರೇ ಡೂನ್ ಹಿಲ್ ಗುಡ್ಡದೊಳಕ್ಕೆ ಎಳೆದುಕೊಂಡರೆಂದು ನಂಬಿದರು. ಹೆರಿಗೆಯಾಗುವ ಹೆಂಗಸನ್ನು ಫೇ ಜನ ಕದ್ದೊಯ್ಯದಂತೆ ಹಾಸಿಗೆಯಲ್ಲಿ ಕಬ್ಬಿಣದ ತುಂಡೊಂದನ್ನು ಇಡುವ ಪದ್ಧತಿಯನ್ನು ಕರ್ಕ್ ದಾಖಲಿಸಿದ್ದಾನೆ. ಆ ಸಾಲನ್ನು ಓದಿದಾಗ ನನ್ನ ಅಜ್ಜಿ ಬಾಣಂತಿಯ ತಲೆದಿಂಬಿನ ಕೆಳಗೆ ತಪ್ಪದೆ ಇಡುತ್ತಿದ್ದ ಅಡಕತ್ತರಿ ನೆನಪಾಗಿ, ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆದರೆ ರೋವನ್‌ಳನ್ನು ನನಗೆ ಕೊಟ್ಟವನು ಕರ್ಕ್ ಅಲ್ಲ, ಹದಿಮೂರನೆಯ ಶತಮಾನದ ಎರ್ಸಿಲ್ಡೂನ್‌ನ ಥಾಮಸ್. ಐತಿಹ್ಯದ ಪ್ರಕಾರ ಫೇ ರಾಣಿ ಅವನನ್ನು ತನ್ನ ನಾಡಿಗೆ ಕರೆದೊಯ್ದು ಏಳು ವರ್ಷ ಇಟ್ಟುಕೊಂಡಳು. ಬೀಳ್ಕೊಡುವಾಗ ಎಂದೂ ಸುಳ್ಳಾಡದ ನಾಲಗೆಯನ್ನು ಉಡುಗೊರೆಯಾಗಿ ಕೊಟ್ಟಳು. ಅವನ ಕಥೆಯನ್ನು ಹೇಳುವ ಲಾವಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಥಾಮಸ್ ತಕರಾರು ತೆಗೆಯುವ ಸಂದರ್ಭ. ಇಂತಹ ನಾಲಗೆ ಇಟ್ಟುಕೊಂಡು ಸಂತೆಯಲ್ಲಿ ಕೊಳ್ಳುವುದು ಹೇಗೆ, ಮಾರುವುದು ಹೇಗೆ, ದೊರೆಯ ಮುಂದೆ ಮಾತಾಡುವುದು ಹೇಗೆ, ಹೆಣ್ಣೊಬ್ಬಳ ಒಲವು ಕೇಳುವುದು ಹೇಗೆ ಎಂದು ಅವನು ಗೋಗರೆಯುತ್ತಾನೆ. ವರವೆಂದು ಬಂದದ್ದು ಬದುಕಿನ ವ್ಯವಹಾರಕ್ಕೇ ಕೊಡಲಿಯಾಗುವ ಈ ಪೇಚಿನಲ್ಲಿ ಒಂದು ಪಾತ್ರಕ್ಕೆ ಬೇಕಾದದ್ದೆಲ್ಲವೂ ಇದೆಯೆಂದು ನನಗನ್ನಿಸಿತು. ಹಾಗಾಗಿ ಈ ಬಾರಿ ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟ್ ಮುಟ್ಟುವ ಮೊದಲು ಡಿಎಂ ಆಗಿರುವ ಗೆಳತಿಯ ಮನೆಗೆ ಹೋಗಿ ಒಪ್ಪಂದವನ್ನು ಬರೆಯಲು ಕುಳಿತೆ.

ಮೂರು ಷರತ್ತುಗಳೆಂದು ತೀರ್ಮಾನವಾಯಿತು. ಮೊದಲನೆಯದು ಥಾಮಸ್‌ನದ್ದೇ: ರೋವನ್ ಬಾಯಿಂದ ಸುಳ್ಳು ಹೊರಡುವಂತಿಲ್ಲ. ಎರಡನೆಯದು ಋಣಕ್ಕೆ ಸಂಬಂಧಿಸಿದ್ದು: ಯಾರಿಂದ ಏನನ್ನು ಪಡೆದರೂ ಮರುದಿನದ ಸೂರ್ಯೋದಯದೊಳಗೆ ಅದಕ್ಕೆ ತಕ್ಕದ್ದನ್ನು ಮರಳಿಸಬೇಕು. ಇದಕ್ಕೆ ಆಟದ ಬಿಸಿ ತಟ್ಟಬೇಕಲ್ಲವೇ? ವಾರ್‌ಲಾಕ್‌ಗೆ ಎರಡನೆಯ ಲೆವೆಲ್‌ನಿಂದ ಬಹಳ ಕಾಲ ಎರಡೇ ಸ್ಪೆಲ್ ಸ್ಲಾಟ್‌ಗಳಿರುತ್ತವೆ, ಅಂದರೆ ದೊಡ್ಡ ಮಂತ್ರಗಳನ್ನು ಎರಡೇ ಸಲ ಪ್ರಯೋಗಿಸಬಹುದು, ಆದರೆ ಒಂದು ಗಂಟೆಯ ಶಾರ್ಟ್ ರೆಸ್ಟ್ ಸಾಕು, ಎರಡೂ ಮರಳಿ ಬರುತ್ತವೆ. ಋಣ ತೀರಿಸದೆ ಬೆಳಗಾದರೆ ಆ ದಿನ ಒಂದು ಸ್ಲಾಟ್ ಬಾರದು ಎಂದು ನಾವೇ ನಿಯಮ ಮಾಡಿಕೊಂಡೆವು. ಇದರ ಫಲವಾಗಿ, ಛತ್ರದ ಮುದುಕಿಯೊಬ್ಬಳು ಮಗುವಿಗೆ ಬಡಿಸಿದ ಹಾಗೆ ಬಿಟ್ಟಿಯಾಗಿ ಸಾರು ಬಡಿಸಿದ ರಾತ್ರಿ ರೋವನ್ ನಿದ್ದೆಗೆಟ್ಟು, ಒಮ್ಮೆಗೆ ಒಂದು ಘನ ಅಡಿಯಷ್ಟನ್ನು ಮಾತ್ರ ಶುಚಿಗೊಳಿಸುವ ಪ್ರೆಸ್ಟಿಡಿಜಿಟೇಶನ್ ಮಂತ್ರದಿಂದ ಅಡುಗೆಮನೆಯ ಮಸಿ ಹಿಡಿದ ಪಾತ್ರೆಗಳನ್ನು ಒಂದೊಂದಾಗಿ ಬೆಳಗಿದಳು. ಯಾವ ರಾಕ್ಷಸನನ್ನು ಕೊಂದದ್ದಕ್ಕಿಂತಲೂ ಆ ರಾತ್ರಿಯನ್ನು ನಮ್ಮವರು ಹೆಚ್ಚು ನೆನೆಯುತ್ತಾರೆ. ಮೂರನೆಯ ಷರತ್ತನ್ನು ಡಿಎಂ ತಾನೊಬ್ಬಳೇ ಬರೆದುಕೊಂಡಳು. ಅದರ ಮಾತು ಕೊನೆಗೆ.

ಹೆಸರಿನಲ್ಲಿಯೂ ಒಂದು ಕೊಂಕಿದೆ. ರೋವನ್ ಎಂಬುದು ಫೇ ಜನರನ್ನು ದೂರವಿಡಲು ಸ್ಕಾಟ್ಲೆಂಡ್‌ನವರು ಮನೆಯ ಬಳಿ ನೆಡುತ್ತಿದ್ದ, ಕೆಂಪು ಹಣ್ಣು ಬಿಡುವ ಮರ. ತಾಯಿ ರಕ್ಷೆಗೆಂದು ಕರೆದ ಅಡ್ಡಹೆಸರು ಅದು. ನಿಜವಾದ ಹೆಸರನ್ನು ಅವಳು ಯಾರಿಗೂ ಹೇಳಿಲ್ಲ. ‘ನಾನು ರೋವನ್’ ಎನ್ನಲಾಗದೆ ಪ್ರತಿ ಸಲವೂ ‘ನನ್ನನ್ನು ರೋವನ್ ಎಂದು ಕರೆಯುತ್ತಾರೆ’ ಎಂದೇ ಪರಿಚಯಿಸಿಕೊಳ್ಳುತ್ತಾಳೆ. ಇದರ ಜೊತೆಗೆ ಅವಳು ಕಬ್ಬಿಣ ಮುಟ್ಟುವಂತಿಲ್ಲವೆಂದು ನಾನೇ ಸೇರಿಸಿಕೊಂಡೆ. ಮೂರನೆಯ ಆವೃತ್ತಿಯ ಪರಿಷ್ಕೃತ ರೂಪದಲ್ಲಿ (3.5) ಅನೇಕ ಫೇ ಜೀವಿಗಳ ರಕ್ಷಣೆಯನ್ನು ಮುರಿಯಲು ಕೋಲ್ಡ್ ಐರನ್ ಎಂಬ ವಿಶೇಷ ಕಬ್ಬಿಣದ ಆಯುಧವೇ ಬೇಕಿತ್ತು. ಐದನೆಯದರಲ್ಲಿ ಆ ನಿಯಮವಿಲ್ಲ. ಅಜ್ಜಿಯ ಅಡಕತ್ತರಿಯ ಗೌರವಾರ್ಥ ನಾನು ಅದನ್ನು ಬಿಡಲಿಲ್ಲ. ಅವಳ ಸೊಂಟದಲ್ಲಿರುವ ಚೂರಿ ಕಂಚಿನದು.

ಅಂಕಿಗಳ ಲೆಕ್ಕ ಅದಾದ ಮೇಲೆ ಬಂದಿತು, ಸಲೀಸಾಗಿಯೂ ಬಂದಿತು. ಪಾಯಿಂಟ್ ಬೈ ಪದ್ಧತಿಯ 27 ಅಂಕಗಳ ಬೆಲೆ ತೆತ್ತು ಕೊಂಡ ಗುಣಗಳು ಇವು: ಕರಿಸ್ಮಾ (ವ್ಯಕ್ತಿತ್ವದ ಸೆಳೆತ) 15, ಡೆಕ್ಸ್‌ಟೆರಿಟಿ (ಚುರುಕುತನ) 14, ಕಾನ್‌ಸ್ಟಿಟ್ಯೂಶನ್ (ದೇಹದಾರ್ಢ್ಯ) 13, ವಿಸ್ಡಮ್ 12, ಇಂಟೆಲಿಜೆನ್ಸ್ 10, ಸ್ಟ್ರೆಂತ್ 8. ಮನುಷ್ಯರಿಗೂ ಎಲ್ಫ್ ಎಂಬ ಮಾಯಾಜನಕ್ಕೂ ಹುಟ್ಟಿದ ಹಾಫ್ ಎಲ್ಫ್ ಆದದ್ದರಿಂದ ಕರಿಸ್ಮಾ 17ಕ್ಕೂ ಕಾನ್‌ಸ್ಟಿಟ್ಯೂಶನ್ 14ಕ್ಕೂ ವಿಸ್ಡಮ್ 13ಕ್ಕೂ ಏರಿದವು. ಮಂತ್ರಗಳಲ್ಲಿ ಫೇರೀ ಫೈರ್ ಅನ್ನು ಯಾರೂ ಕಡೆಗಣಿಸಬಾರದು: ಇಪ್ಪತ್ತು ಅಡಿಯ ಘನದೊಳಗಿನ ಶತ್ರುಗಳಿಗೆ ನೀಲಿ, ಹಸಿರು ಅಥವಾ ನೇರಳೆ ಬೆಳಕಿನ ಅಂಚು ಕಟ್ಟಿ ಎಲ್ಲರ ಹೊಡೆತವನ್ನೂ ಸುಲಭಗೊಳಿಸುತ್ತದೆ, ಅದೃಶ್ಯರಾದವರನ್ನೂ ಬಯಲಿಗೆಳೆಯುತ್ತದೆ. ಮೂರನೆಯ ಲೆವೆಲ್‌ನಲ್ಲಿ ಪ್ಯಾಕ್ಟ್ ಆಫ್ ದ ಚೈನ್ ಆಯ್ದು ಸ್ಪ್ರೈಟ್ ಒಂದನ್ನು ಜೊತೆಗಾರನಾಗಿ ಪಡೆದೆ. ಎರಡೇ ಹಿಟ್ ಪಾಯಿಂಟ್‌ನ (ಏಟು ತಡೆಯುವ ಜೀವಬಲ) ಆ ಪುಟ್ಟ ಜೀವಿ ಯಾರನ್ನಾದರೂ ಮುಟ್ಟಿ ಅವರ ಮನಸ್ಸಿನ ಭಾವವನ್ನು ತಿಳಿಯಬಲ್ಲದು. ತಾನು ಸುಳ್ಳು ಹೇಳಲಾರದವಳಿಗೆ ಇತರರ ಎದೆಯೊಳಗಿನದನ್ನು ಹೇಳುವ ಸಂಗಾತಿ ಸಿಕ್ಕರೆ ಅವಳ ಮೌನಕ್ಕೂ ಬೆಲೆ ಬರುತ್ತದೆ.

ನಮ್ಮಲ್ಲಿ ನಿಜವಾದ ಜಗಳವಾದದ್ದು ಮಾಸ್ಕ್ ಆಫ್ ಮೆನಿ ಫೇಸಸ್ ಎಂಬ ಇನ್ವೊಕೇಶನ್ ವಿಷಯದಲ್ಲಿ. ಸ್ಲಾಟ್ ಖರ್ಚಾಗದೆ ಬೇಕೆಂದಾಗಲೆಲ್ಲ ವೇಷ ಬದಲಿಸುವ ಶಕ್ತಿ ಅದು. ಇನ್ನೊಬ್ಬರ ಮುಖ ತೊಟ್ಟು ನಡೆಯುವುದು ಸುಳ್ಳಲ್ಲವೇ ಎಂದು ಕ್ಲೆರಿಕ್ ಆಡುವ ಗೆಳೆಯ ಪಟ್ಟು ಹಿಡಿದ. ಫೇ ಕಥೆಗಳಲ್ಲಿ ಕಣ್ಣಿಗೆ ಮೋಸವುಂಟು, ಮಾತಿಗೆ ಮೋಸವಿಲ್ಲ, ತರಗೆಲೆ ಹೊನ್ನಿನ ನಾಣ್ಯದಂತೆ ಕಾಣುತ್ತದೆಯೇ ಹೊರತು ‘ಇದು ಹೊನ್ನು’ ಎಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು ನನ್ನ ವಾದವಾಗಿತ್ತು. ಈ ಕಣ್ಕಟ್ಟಿಗೆ ಸ್ಕಾಟ್ಲೆಂಡ್‌ನವರು ಕೊಟ್ಟ ಹೆಸರೇ ಗ್ಲಾಮರ್. ಅದು ಗ್ರಾಮರ್, ಅಂದರೆ ವ್ಯಾಕರಣ ಎಂಬ ಪದವೇ ನಾಲಗೆಯ ಮೇಲೆ ಹೊರಳಿ ಹುಟ್ಟಿದ್ದು; ಅಕ್ಷರ ಬಲ್ಲವನೆಂದರೆ ಮಾಟ ಬಲ್ಲವನೆಂದು ಜನ ಭಾವಿಸುತ್ತಿದ್ದ ಕಾಲದ ಗುರುತು ಅದರಲ್ಲಿ ಉಳಿದಿದೆ. ಕೊನೆಗೆ ಡಿಎಂ ಕೊಟ್ಟ ತೀರ್ಪು ಇದು: ಮುಖ ಬದಲಿಸಬಹುದು, ಆದರೆ ‘ನೀನು ಇಂಥವಳೇ’ ಎಂದು ಯಾರಾದರೂ ನೇರವಾಗಿ ಕೇಳಿದರೆ ಹೌದೆನ್ನುವಂತಿಲ್ಲ. ಇದಕ್ಕಿಂತ ನ್ಯಾಯವಾದ ತೀರ್ಪನ್ನು ನಾನು ಕಂಡಿಲ್ಲ, ಇದಕ್ಕಿಂತ ತೊಂದರೆ ಕೊಟ್ಟದ್ದನ್ನೂ ಕಂಡಿಲ್ಲ.

ನಾಲ್ಕನೆಯ ಲೆವೆಲ್‌ನಲ್ಲಿ ಫೇ ಟಚ್ಡ್ ಎಂಬ ಫೀಟ್ (ಹೆಚ್ಚುವರಿ ಕೌಶಲ) ತೆಗೆದುಕೊಂಡೆ. ಅದರಿಂದ ಕರಿಸ್ಮಾ 18 ಆಗಿ, ಮಿಸ್ಟಿ ಸ್ಟೆಪ್ ಜೊತೆಗೆ ಇನ್ನೊಂದು ಮಂತ್ರವೂ ದೊರೆಯುತ್ತದೆ. ನಾನು ಆಯ್ದದ್ದು ಕಮಾಂಡ್. ಒಂದೇ ಒಂದು ಪದದ ಆಜ್ಞೆ, ಕೇಳಿದವನು ಸೋತರೆ ತನ್ನ ಮುಂದಿನ ಸರದಿಯಲ್ಲಿ ಅದನ್ನು ಪಾಲಿಸಲೇಬೇಕು. ಮಾತಿನ ಅಕ್ಷರಕ್ಕೆ ಕಟ್ಟುಬಿದ್ದವಳಿಗೆ ಇದಕ್ಕಿಂತ ಒಪ್ಪುವ ಮಂತ್ರ ಬೇರೊಂದಿಲ್ಲ ಎಂದುಕೊಂಡಿದ್ದೆ.

ಮುಂದಿನ ವಾರವೇ ಸೇತುವೆಯ ಸುಂಕದ ಕಟ್ಟೆ ಬಂದಿತು. ನಮ್ಮ ಎತ್ತಿನ ಗಾಡಿಯ ಹುಲ್ಲಿನೊಳಗೆ ದೊರೆಯ ಕಡೆಯವರು ಹುಡುಕುತ್ತಿದ್ದ ಲಿಪಿಕಾರನೊಬ್ಬ ಅಡಗಿದ್ದ. ಡಿಎಂ ಕಾವಲುಗಾರನ ದನಿಯಲ್ಲಿ ಕೇಳಿದಳು: “ಗಾಡಿಯೊಳಗೆ ಏನಮ್ಮ ಇದೆ?”

“ಹುಲ್ಲು ತುಂಬಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮೂರು ಹೊರೆ.”

“ಹುಲ್ಲು ನನಗೂ ಕಾಣುತ್ತದೆ. ಮನುಷ್ಯರು ಇದ್ದಾರೋ ಇಲ್ಲವೋ?”

“ಮಳೆ ಬರುವ ಹಾಗಿದೆ. ಈ ಹುಲ್ಲು ನೆನೆದರೆ ನಿಮ್ಮ ದೊರೆಯ ಕುದುರೆಗಳು ಅದನ್ನು ಮೂಸಿಯೂ ನೋಡುವುದಿಲ್ಲ.”

“ಇದ್ದಾರೆ ಅನ್ನು, ಇಲ್ಲ ಅನ್ನು. ಅಷ್ಟೇ.”

ಎಲ್ಲರೂ ನನ್ನ ಮುಖ ನೋಡಿದರು. ಬೇರೆ ಯಾವ ಪಾತ್ರವಾಗಿದ್ದರೂ ‘ಇಲ್ಲ’ ಎಂದು ದಾಳ ಉರುಳಿಸಿದರೆ ಮುಗಿಯುತ್ತಿತ್ತು. ನಾನು ಕಮಾಂಡ್ ಪ್ರಯೋಗಿಸಿ ‘ಓಡು’ ಎಂದೆ. ಪಾರಾಗಲು ಅವನಿಗೆ 14 ಬೇಕಿತ್ತು, ಬಿದ್ದದ್ದು 9. ಕಾವಲುಗಾರ ತಿರುಗಿ ಶಕ್ತಿಮೀರಿ ಓಡಿದ. ಎತ್ತ ಓಡಬೇಕೆಂದು ನಾನು ಹೇಳಿರಲಿಲ್ಲ. ಒಂದು ಪದದಲ್ಲಿ ಅದನ್ನು ಹೇಳುವುದಕ್ಕೂ ಆಗುವುದಿಲ್ಲ. ಅವನು ಓಡಿದ ದಿಕ್ಕಿನಲ್ಲಿ ಕಾವಲುಮನೆಯಿತ್ತು, ಕಾವಲುಮನೆಯೊಳಗೆ ಊಟಕ್ಕೆ ಕುಳಿತ ಹನ್ನೊಂದು ಜನರಿದ್ದರು. ಆ ಸಂಜೆಯ ಉಳಿದ ಮೂರು ಗಂಟೆ ಹೇಗೆ ಕಳೆಯಿತೆಂಬುದನ್ನು ವಿವರಿಸುವ ಅಗತ್ಯವಿಲ್ಲ. ಗಾಡಿ ಹೊಳೆಯ ಪಾಲಾಯಿತು. ಲಿಪಿಕಾರ ಬದುಕಿದ, ಮತ್ತು ರೋವನ್‌ಳ ಪ್ರಾಣ ಉಳಿಸಿದವನೂ ಅವನೇ ಆದದ್ದರಿಂದ ಸೂರ್ಯೋದಯದೊಳಗೆ ಒಂದು ಪ್ರಾಣದ ಋಣ ತೀರಿಸುವ ಹೊಸ ಕಷ್ಟವೂ ತಲೆಗೆ ಸುತ್ತಿಕೊಂಡಿತು. ತೀರಿಸಲಾಗಲಿಲ್ಲ. ಮರುದಿನವೆಲ್ಲ ಒಂದೇ ಸ್ಲಾಟ್‌ನಲ್ಲಿ ಕಳೆದೆ.

ಈಗ ಅವಳು ಆರನೆಯ ಲೆವೆಲ್‌ನಲ್ಲಿದ್ದಾಳೆ. ಏಟು ಬಿದ್ದೊಡನೆ ಅದೃಶ್ಯಳಾಗಿ ಅರವತ್ತು ಅಡಿ ಆಚೆಗೆ ಜಾರಿಕೊಳ್ಳುವ ಮಿಸ್ಟಿ ಎಸ್ಕೇಪ್ ದೊರೆತಿರುವುದರಿಂದ ಓಗರ್‌ಗಳ ಭಯ ಸ್ವಲ್ಪ ಕಡಿಮೆಯಾಗಿದೆ. ಮೂರನೆಯ ಷರತ್ತು ಮಾತ್ರ ಹಾಗೆಯೇ ಉಳಿದಿದೆ. ಅದನ್ನು ಡಿಎಂ ಒಂದು ಚೀಟಿಯಲ್ಲಿ ಬರೆದು, ನಾಲ್ಕಾಗಿ ಮಡಿಸಿ, ನನ್ನ ಕ್ಯಾರೆಕ್ಟರ್ ಶೀಟ್‌ನ ಹಿಂಬದಿಗೆ ಸ್ಟೇಪ್ಲರ್‌ನಿಂದ ಎರಡು ಪಿನ್ ಹೊಡೆದು ಕೊಟ್ಟಿದ್ದಾಳೆ. ಕಳೆದ ಭಾನುವಾರ ಆಟ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ, ಕುತೂಹಲ ತಡೆಯಲಾರದೆ ಉಗುರಿನಿಂದ ಒಂದು ಪಿನ್ನನ್ನು ಮೆಲ್ಲಗೆ ಎಬ್ಬಿಸಲು ನೋಡಿದೆ. ಅವಳು ಲೋಟದಿಂದ ತಲೆ ಎತ್ತದೆಯೇ ಹೇಳಿದಳು: “ಅದು ಕಬ್ಬಿಣ ಕಣೇ.”